ಅಮ್ಮನ ತಿಥಿ ಗೊತ್ತುಮಾಡಿದ್ದು

ಗಣಿತದಲ್ಲಿ ಸಾಧಿಸಿ ತೋರಿಸದೆ ಒಂದು ಸಾಲನ್ನೂ ಒಪ್ಪದ ನಾನು ದಿನವೂ ಸಂಧ್ಯಾವಂದನೆ ಮಾಡುತ್ತೇನೆಂದು ತಿರುವನಂತಪುರದ ಸಹೋದ್ಯೋಗಿಗಳು ನಗುತ್ತಿದ್ದರು. ನಗಲಿ. ಗಣಿತ ಮತ್ತು ಶಾಸ್ತ್ರ ನನ್ನೊಳಗೆ ಜಗಳವಾಡಿದ್ದಿಲ್ಲ; ಶ್ರಾದ್ಧದ ತಿಥಿ ಲೆಕ್ಕ ಹಾಕುವಾಗಲಂತೂ ಎರಡೂ ಒಂದೇ ಎಲೆಯಲ್ಲಿ ಉಣ್ಣುತ್ತಿದ್ದವು.

ಇಲ್ಲಿನ ಮಲಯಾಳಿಗಳು ಸತ್ತವರ ದಿನವನ್ನು ನಕ್ಷತ್ರ ನೋಡಿ ಮಾಡುತ್ತಾರೆ. ಕಾಸರಗೋಡಿನ ನಮ್ಮ ಮನೆಯಲ್ಲಿ ತಿಥಿಯೇ ಮುಖ್ಯ. ಪ್ರಾಣ ಹೋದ ಗಳಿಗೆಯಲ್ಲಿ ಯಾವ ತಿಥಿಯಿತ್ತೋ, ವರ್ಷ ವರ್ಷ ಅದೇ ತಿಥಿಗೆ ಶ್ರಾದ್ಧ. ಅಮ್ಮ ತ್ರಿಪ್ಪುಣಿತ್ತುರದಲ್ಲಿ, ಅಕ್ಕನ ಮನೆಯಲ್ಲಿ ತೀರಿಕೊಂಡ ದಿನ ನಾನು ತಿರುವನಂತಪುರದಲ್ಲಿದ್ದೆ. ಏಳು ವರ್ಷ ಜೀವ ತೇಯ್ದ ಪ್ರಮೇಯವನ್ನು ಎಲ್ಲರೆದುರು ಬೋರ್ಡಿನ ಮೇಲೆ ಸಾಧಿಸಿ, ಆಗಷ್ಟೇ ಕೈಯ ಸೀಮೆಸುಣ್ಣ ತೊಳೆದಿದ್ದೆ.

"ಈಗಷ್ಟೇ ಜೀವ ಹೋಯ್ತು, ಐದೂವರೆಗೆ," ಎಂದು ಅಕ್ಕ ಫೋನಿನಲ್ಲಿ ಅತ್ತಳು.

ಅಂದು ಷಷ್ಠಿ ಸಂಜೆ ಐದಕ್ಕೇ ಮುಗಿದಿತ್ತು. ಅಮ್ಮನದು ಸಪ್ತಮಿ ಎಂದು ನಾನೇ ಲೆಕ್ಕ ಹಾಕಿ ಗೊತ್ತುಮಾಡಿದೆ.

ಕೆಲವು ತಿಂಗಳಲ್ಲಿ ಆ ಪ್ರಮೇಯದಲ್ಲಿ ತಪ್ಪು ಸಿಕ್ಕಿತು. ಎಷ್ಟು ತೇಪೆ ಹಾಕಿದರೂ ನಿಲ್ಲಲಿಲ್ಲ. ನಾಚಿಕೆಯಿಂದ ಅಕ್ಕನಿಗೂ ಹೇಳಲಿಲ್ಲ. ಅಮ್ಮನ ತಿಥಿಯೊಂದಾದರೂ ಸರಿಯಾಗಿ ಮಾಡುತ್ತಿದ್ದೇನೆ ಎಂದುಕೊಂಡೆ.

ಅಕ್ಕನ ಮನೆಯಲ್ಲಿ ಮೂರನೆಯ ವರ್ಷದ ಶ್ರಾದ್ಧ. ಪುರೋಹಿತರ ಊಟವಾಗಿ ನನಗೆ ಎಲೆ ಹಾಕಿದ್ದರು. ತಿರುವನಂತಪುರದ ಚಾಲೈ ಪೇಟೆಯಲ್ಲಿ ಕೊಂಡ ಪಂಚಾಂಗದಲ್ಲಿ ತಿಥಿಯ ನಿಮಿಷಗಳು ಹೇಗೆ ತಪ್ಪಿವೆ ಎಂದು ಅವರಿಗೆ ಜಂಭ ಕೊಚ್ಚುತ್ತಿದ್ದೆ. ಬಡಿಸುತ್ತಿದ್ದ ಅಕ್ಕ ಸೌಟು ಕೆಳಗಿಟ್ಟಳು.

"ಸಾಕು ಮಾರಾಯ. ಅಮ್ಮ ಹೋದದ್ದು ಮೂರು ಗಂಟೆಗೆ. ನಿನ್ನ ಭಾಷಣ ಮುಗಿಯುವವರೆಗೆ ಏನೇ ಆದರೂ ಫೋನ್ ಮಾಡುವುದು ಬೇಡ ಅಂತ ಅಮ್ಮನೇ ಬೆಳಗ್ಗೆ ಹೇಳಿದ್ದಳು. ಅದಕ್ಕೇ ನಾನು ಸುಳ್ಳು ಹೇಳಿದ್ದು."

ಅವಳ ಮೇಲೆ ಕೆಟ್ಟ ಸಿಟ್ಟು ಬಂತು. ಮೂರಕ್ಕೆ ಷಷ್ಠಿ. ಹಾಗಾದರೆ ಅಮ್ಮನ ದಿನ ನಿನ್ನೆಯೇ ಕಳೆದಿತ್ತು. ನಿನ್ನೆ ನಾನು ಕ್ಯಾಂಟೀನಿನಲ್ಲಿ ಹೊಟ್ಟೆ ತುಂಬ ಉಂಡು ರೈಲು ಹತ್ತಿದ್ದೆ. ಮೂರು ವರ್ಷವೂ ಅಮ್ಮ ಬಂದು ಹಸಿದೇ ಮರಳಿದ್ದಾಳೆ ಎಂದು ನಂಬುವ ಮನುಷ್ಯ ನಾನು. ಸಹೋದ್ಯೋಗಿಗಳ ಹಾಗೆ ನಕ್ಕುಬಿಡಲು ನನಗೆ ಬರುವುದಿಲ್ಲ.

"ಬರುವ ವರ್ಷದಿಂದ ಷಷ್ಠಿಗೆ ಮಾಡುವ, ಬೇಜಾರು ಮಾಡ್ಬೇಡಿ," ಎಂದರು ಪುರೋಹಿತರು.

ಅಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ಅಮ್ಮನಿಗೆ ಕೊನೆಗೂ ನಿನ್ನ ಆ ಏಳು ವರ್ಷದ ಲೆಕ್ಕದ್ದೇ ಚಿಂತೆ. ಅದು ಸರಿ ಆಯ್ತಲ್ಲ, ಅಷ್ಟೇ ಸಮಾಧಾನ."

"ಸರಿ ಆಯ್ತು ಅಕ್ಕ," ಎಂದು ತಲೆ ಎತ್ತದೆ ಅನ್ನ ಕಲಸಿದೆ.