ಟೋಕನ್ ಅಕ್ಕನ ಬ್ಯಾಟರಿಗಳು

ಬೀದಿಯವರೆಲ್ಲ ಅವಳನ್ನು ಟೋಕನ್ ಅಕ್ಕ ಎಂದೇ ಕರೆಯುತ್ತಿದ್ದರು. ಗಂಡ ಹೆಂಡತಿ ಸೇರಿ ವಿಡಿಯೋ ಗೇಮ್ ಅಂಗಡಿ ನಡೆಸುತ್ತಿದ್ದ ಕಾಲದಲ್ಲಿ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಆಟದ ಟೋಕನ್, ಅಂದರೆ ಹಿತ್ತಾಳೆಯ ಬಿಲ್ಲೆಗಳನ್ನು ಕೊಡುತ್ತಿದ್ದವಳು ಅವಳೇ. ಕೈಗೊಂದು ಮೊಬೈಲು ಬಂದ ಮೇಲೆ ಬಿಲ್ಲೆ ಕೇಳುವವರು ಯಾರು? ಅಂಗಡಿ ಮುಚ್ಚಿತು. ಆಟ ಆಡುವ ಆಳೆತ್ತರದ ಮರದ ಪೆಟ್ಟಿಗೆಗಳು, ಒಂದನ್ನು ಬಿಟ್ಟು, ಎಲ್ಲವೂ ಗುಜರಿ ಸೇರಿದವು. ಅವುಗಳ ಹೊಟ್ಟೆಯೊಳಗಿದ್ದ ಹಸಿರು ಸರ್ಕ್ಯೂಟ್ ಬೋರ್ಡುಗಳನ್ನು ಮಾತ್ರ ಅವಳು ಬಿಟ್ಟುಕೊಡಲಿಲ್ಲ. ಒಂದೊಂದು ಬೋರ್ಡಿನಲ್ಲಿ ಒಂದೊಂದು ಆಟ. ಅವನ್ನು ಮಾಡಿದ ಕಂಪನಿಗಳು ಎಂದೋ ಬಾಗಿಲು ಹಾಕಿದ್ದವು. ಕೆಲವು ಆಟಗಳ ಇನ್ನೊಂದು ಪ್ರತಿ ಎಲ್ಲಿದೆಯೋ, ಇದೆಯೋ ಇಲ್ಲವೋ, ಹೇಳುವವರಿರಲಿಲ್ಲ.

ಆ ಆಟಗಳನ್ನು ಅಕ್ಕ ಒಂದು ದಿನವೂ ಆಡಿದವಳಲ್ಲ. ಗಲ್ಲಾ ಬಿಟ್ಟು ಏಳಲು ಪುರುಸೊತ್ತೆಲ್ಲಿತ್ತು? ಅವು ಅವಳಿಗೆ ಕಿವಿಯಿಂದ ಪರಿಚಯ. ಯಾವ ಪೆಟ್ಟಿಗೆಯಲ್ಲಿ ಯಾರು ಗೆದ್ದರು, ಯಾರು ಸತ್ತರು ಎಂಬುದನ್ನು ತಲೆಯೆತ್ತದೆ ಹೇಳುತ್ತಿದ್ದಳು.

ಅಂಗಡಿಯ ಮುಂಭಾಗ ಈಗ ನಾದಿನಿಯ ಪಾಲಾಗಿತ್ತು. ಅವಳು ದಂತವೈದ್ಯರಿಗೆ ಕಟ್ಟು ಹಲ್ಲು ಮಾಡಿಕೊಡುವವಳು. ಅಲ್ಲಿ ದಿನವಿಡೀ ಪ್ಲಾಸ್ಟರಿನ ಹುಡಿ, ಕಾದ ಮೇಣದ ವಾಸನೆ, ಉಜ್ಜುವ ಯಂತ್ರದ ಕಿರಿಕಿರಿ. ಹಿಂದಿನ ಕೋಣೆ ಅಕ್ಕನದು. ಹುಡಿ ನುಗ್ಗದಂತೆ ಬಾಗಿಲ ಸಂದಿಗೆ ಬಟ್ಟೆ, ಗೋಡೆಗೆ ತಾಗದಂತೆ ನಿಲ್ಲಿಸಿದ ಕಬ್ಬಿಣದ ಕಪಾಟು, ತೇವ ಹೀರಲು ಚಪ್ಪಲಿ ಅಂಗಡಿಯಿಂದ ಕೇಳಿ ತಂದ ಪುಟ್ಟ ಹರಳಿನ ಪೊಟ್ಟಣಗಳು. "ನನಗೆ ಜ್ವರ ಬಂದ್ರೂ ಇಷ್ಟು ಸಲ ಮುಟ್ಟಿ ನೋಡಲ್ಲ ಇವಳು" ಎಂದು ಗಂಡ ನಗುತ್ತಿದ್ದ. ನಾದಿನಿ ನಗುತ್ತಿರಲಿಲ್ಲ. ಅವಳಿಗೆ ಆ ಕೋಣೆಯ ಮೇಲೆ ಕಣ್ಣಿತ್ತು. ಹಲ್ಲು ಸುಡುವ ಹೊಸ ಕುಲುಮೆ ತರಬೇಕು, ಇಡಲು ಜಾಗವಿಲ್ಲ. "ಯಾರೂ ಆಡದ ಆಟ ಕಾಯ್ಕೊಂಡು ಕೂತಿದ್ದೀರಲ್ಲ ಅತ್ತಿಗೆ" ಎಂದು ಒಮ್ಮೆ ಅಂದುಬಿಟ್ಟಿದ್ದಳು. ಅಂದಿನಿಂದ ಇಬ್ಬರ ನಡುವೆ ಅಳೆದು ತೂಗಿದ ಮಾತು.

ಬೋರ್ಡುಗಳಲ್ಲಿ ಎರಡು ಬೇರೆಯದೇ ಜಾತಿಯವು. ಹುಡುಗರು ರೈಲಾಟ, ಮುಳುಗುದೋಣಿ ಎಂದು ಕರೆಯುತ್ತಿದ್ದ ಆಟಗಳು. ಇನ್ನೊಬ್ಬರು ನಕಲು ಮಾಡಬಾರದೆಂದು ಮಾಡಿದವರು ಆಟವನ್ನು ಗುಪ್ತಲಿಪಿಯಲ್ಲಿ ಅಡಗಿಸಿ, ಅದನ್ನು ಬಿಡಿಸುವ ಕೀಲಿಯನ್ನು ಒಂದು ಚಿಪ್‌ನಲ್ಲಿ ಇಟ್ಟಿದ್ದರು. ಆ ಕೀಲಿಯ ಜೀವವಿದ್ದದ್ದು ಬೋರ್ಡಿಗೆ ಬೆಸೆದ ಪುಟ್ಟ ಬ್ಯಾಟರಿಯಲ್ಲಿ. ಬ್ಯಾಟರಿ ಒಂದು ಕ್ಷಣ ತಪ್ಪಿದರೂ ಕೀಲಿ ಅಳಿಸಿಹೋಗುತ್ತದೆ. ಬೋರ್ಡು ಬರೀ ಹಲಗೆಯಾಗುತ್ತದೆ. ಹೀಗಾಗಿ ಹಳೆಯದನ್ನು ಕೀಳುವ ಮೊದಲೇ ಬೋರ್ಡಿನ ಬೆನ್ನಿಗೆ ಇನ್ನೊಂದು ಬ್ಯಾಟರಿಯನ್ನು ತಂತಿಯಿಂದ ಜೋಡಿಸಿ, ಅದು ಜೀವ ಹಿಡಿದುಕೊಂಡಿರುವಾಗಲೇ ಹೊಸದನ್ನು ಬೆಸೆಯಬೇಕು. ಹಿಂದೊಮ್ಮೆ ಅಕ್ಕ ಎರಡಕ್ಕೂ ಈ ಕೆಲಸ ಮಾಡಿ ಮುಗಿಸಿ, ಆಮೇಲೆ ಅಡಿಗೆಗೆ ಎದ್ದಿದ್ದಳು.

ಈ ಸಲ ಮೀಟರು ಹಿಡಿದು ನೋಡಿದರೆ ಮೂರು ವೋಲ್ಟಿನ ಮೇಲಿರಬೇಕಾದದ್ದು ಎರಡೂವರೆಗೆ ಇಳಿದಿತ್ತು. ಎರಡರದ್ದೂ ಅದೇ ಕಥೆ. ವಾರ ಬಿಟ್ಟು ನೋಡಿದಳು, ಇನ್ನೂ ಇಳಿದಿತ್ತು.

ಬ್ಯಾಟರಿ ಹೊಸದು ಸಿಗುತ್ತದೆ; ಕೈ ಎಲ್ಲಿಂದ ತರುವುದು? ಅವಳ ಬಲಗೈ ಕೆಲವು ತಿಂಗಳಿಂದ ಹೇಳಿದ ಮಾತು ಕೇಳುತ್ತಿರಲಿಲ್ಲ. ಲೋಟ ಹಿಡಿದರೆ ತುಳುಕುತ್ತಿತ್ತು, ಸೂಜಿಗೆ ದಾರ ಪೋಣಿಸಲು ಆಗುತ್ತಿರಲಿಲ್ಲ. ಅವಳು ಯಾರಿಗೂ ಹೇಳಿರಲಿಲ್ಲ. ಲೋಟ ಅರ್ಧವೇ ತುಂಬಿಸುತ್ತಿದ್ದಳು, ಮಾತಾಡುವಾಗ ಕೈಯನ್ನು ಸೆರಗಿನಲ್ಲಿ ಸುತ್ತಿಕೊಳ್ಳುತ್ತಿದ್ದಳು.

ಗಂಡ ಕೆಲಸಕ್ಕೆ ಹೋದ ಮೇಲೆ ಬಾಗಿಲು ಹಾಕಿಕೊಂಡು ರೈಲಾಟದ ಬೋರ್ಡನ್ನು ಮೇಜಿಗೆ ತಂದಳು. ಮಣಿಕಟ್ಟನ್ನು ಎಡಗೈಯಿಂದ ಬಿಗಿಹಿಡಿದು ಇನ್ನೊಂದು ಬ್ಯಾಟರಿಯ ಜೋಡು ತಂತಿಗಳನ್ನು ಬೆಸೆದಳು. ಹಳೆಯ ಬ್ಯಾಟರಿ ಕಿತ್ತಳು. ಅಲ್ಲಿಯವರೆಗೆ ಎಲ್ಲ ನೆಟ್ಟಗಿತ್ತು. ಹೊಸದನ್ನು ಕೂರಿಸುವಾಗ ಕೈ ಜಗ್ಗಿತು. ಬೆಸುಗೆ ಕಡ್ಡಿ ಪಕ್ಕದ ಬೆಸುಗೆಗೆ ತಾಗಿ, ಒಂದು ತಂತಿ ಕಳಚಿಕೊಂಡು ಮೇಲೆದ್ದಿತು. ಕಣ್ಣೆವೆ ಮಿಟುಕಿಸುವಷ್ಟರಲ್ಲಿ ಮತ್ತೆ ಒತ್ತಿ ಹಿಡಿದಳು. ಬ್ಯಾಟರಿ ಬೆಸೆದು, ಬೋರ್ಡನ್ನು ಉಳಿದಿದ್ದ ಒಂದೇ ಪೆಟ್ಟಿಗೆಗೆ ಸಿಕ್ಕಿಸಿ ಸ್ವಿಚ್ಚು ಒತ್ತಿದಳು. ಪರದೆ ತುಂಬ ಒಂದೇ ಬಣ್ಣ. ಸದ್ದಿಲ್ಲ. ಆರಿಸಿ ಹಚ್ಚಿದಳು. ಅದೇ ಬಣ್ಣ.

ಮುಂದಿನ ಕೋಣೆಯಲ್ಲಿ ಉಜ್ಜುವ ಯಂತ್ರ ನಿಂತದ್ದು ಕೇಳಿಸಿತು, ಮತ್ತೆ ಶುರುವಾದದ್ದು ಕೇಳಿಸಿತು.

ಇನ್ನೊಂದು ಬೋರ್ಡು, ಮುಳುಗುದೋಣಿಯದು, ಕಾಯುವಂತಿರಲಿಲ್ಲ. ಮರುದಿನ ಮೀಟರು ಇನ್ನೊಂದು ಕೂದಲೆಳೆ ಕೆಳಗೆ ಬಂದಿತ್ತು. ಅಕ್ಕ ಬಾಗಿಲ ಸಂದಿಯಿಂದ ನೋಡಿದಳು. ನಾದಿನಿ ಅಕ್ಕಿಕಾಳಿನಷ್ಟು ಮೇಣವನ್ನು ಸಣ್ಣ ಚಾಕುವಿನ ತುದಿಯಲ್ಲಿ ಎತ್ತಿ, ದೀಪದ ಉರಿಗೆ ತೋರಿಸಿ, ಹಲ್ಲಿನ ಅಂಚಿಗೆ ಹಚ್ಚುತ್ತಿದ್ದಳು. ಕೈ ಕಲ್ಲಿನಂತೆ ನಿಂತಿತ್ತು. ನಾಲಿಗೆ ಎಷ್ಟು ಒರಟೋ ಕೈ ಅಷ್ಟು ನಯ. ಕೇಳಬೇಕಾದದ್ದು ಈ ಕೋಣೆ ಖಾಲಿಯಾಗಲಿ ಎಂದು ಕಾಯುತ್ತಿರುವವಳನ್ನೇ. ಅಕ್ಕ ಬಾಗಿಲು ತೆರೆದಳು.

"ಸ್ವಲ್ಪ ಒಳಗೆ ಬರ್ತೀಯಾ?"

"ಏನತ್ತಿಗೆ?"

"ಬೆಸುಗೆ ಹಾಕಬೇಕು. ನನ್ನ ಕೈಯಲ್ಲಿ ಆಗ್ತಿಲ್ಲ." ಸೆರಗಿನೊಳಗಿಂದ ಕೈ ತೆಗೆದು ಚಾಚಿದಳು. ಬೆರಳುಗಳು ಗಾಳಿಗೆ ಸಿಕ್ಕ ಎಲೆಯಂತೆ ಅದುರುತ್ತಿದ್ದವು.

ನಾದಿನಿ ಚಾಕು ಕೆಳಗಿಟ್ಟಳು. "ಯಾವಾಗಿಂದ?"

"ಅದೆಲ್ಲ ಆಮೇಲೆ. ಮೊದಲು ಇದು."

"ಅಣ್ಣಂಗೆ ಗೊತ್ತಾ?"

"ಇಲ್ಲ. ನಿನ್ನೆ ಒಂದು ಆಟ ನನ್ನ ಕೈಯಲ್ಲೇ ಸತ್ತುಹೋಯ್ತು. ಇದಾದ್ರೂ ಉಳೀಲಿ."

ನಾದಿನಿ ಕೈ ತೊಳೆದು ಬಂದು ಕೂತಳು. ಅಕ್ಕ ಪಕ್ಕದಲ್ಲಿ ನಿಂತು ಎಲ್ಲ ವಿವರಿಸಿದಳು. ಕೊನೆಗೆ, "ಕಡ್ಡಿ ಕಾದ ಮೇಲೆ ಪ್ಲಗ್ಗಿಂದ ಕಿತ್ತುಬಿಡ್ತೀನಿ. ಗೋಡೆಯ ಕರೆಂಟು ಚೂರು ಸೋರಿದ್ರೂ ಕೀಲಿ ಹೋಗುತ್ತೆ. ಆಮೇಲೆ ಕಡ್ಡಿ ಆರೋದರೊಳಗೆ ಮುಗಿಸಬೇಕು," ಅಂದಳು.

"ಆರಿಹೋದ್ರೆ?"

"ಬಲವಂತ ಮಾಡಬೇಡ. ತೆಗೆದುಬಿಡು. ಮತ್ತೆ ಕಾಯಿಸೋಣ."

ಮೊದಲ ತಂತಿ ಅಂಟಿತು. ಎರಡನೆಯದು ಅಂಟಿತು. ಅಕ್ಕ ಎರಡೂ ತುದಿಗಳನ್ನು ಮೀಟರಿನಿಂದ ಮುಟ್ಟಿ ನೋಡಿ ತಲೆಯಾಡಿಸಿದಳು. ಹಳೆಯ ಬ್ಯಾಟರಿಯ ಒಂದು ಕಾಲು ಸಡಿಲವಾಯಿತು. ಇನ್ನೊಂದು ಜಪ್ಪಯ್ಯ ಅನ್ನಲಿಲ್ಲ. ಕಡ್ಡಿ ಆರುತ್ತ ಬಂತು. ಸೀಸ ಕರಗದೆ ಮುದ್ದೆಗಟ್ಟಿತು.

"ತೆಗಿ," ಅಂದಳು ಅಕ್ಕ.

"ಇನ್ನೇನು ಬರುತ್ತೆ."

"ತೆಗಿ ಅಂದೆ."

ನಾದಿನಿ ತೆಗೆದಳು. ಮತ್ತೆ ಕಾಯಿಸಿದರು. ಮುಂದಿನ ಕೋಣೆಯ ಕರೆಗಂಟೆ ಸದ್ದಾಯಿತು, ಯಾರೋ ಬಾಗಿಲು ಬಡಿದು ಕರೆದರು, ನಾದಿನಿ ಕತ್ತು ಸಹ ತಿರುಗಿಸಲಿಲ್ಲ. ಎರಡನೆಯ ಸಲ ಕಾಲು ಬಿಟ್ಟಿತು. ಹೊಸದರ ಕೂಡು ತುದಿ ಯಾವುದು, ಕಳೆ ತುದಿ ಯಾವುದು ಎಂದು ಅಕ್ಕ ಬೆರಳು ಮಾಡಿ ತೋರಿಸಿದಳು. ಬೆರಳು ಎರಡನ್ನೂ ತೋರಿಸುತ್ತಿತ್ತು. "ಬಾಯಲ್ಲಿ ಹೇಳಿ," ಅಂದಳು ನಾದಿನಿ, ಸಿಡುಕದೆ. ಅಕ್ಕ ಬಾಯಲ್ಲಿ ಹೇಳಿದಳು. ಬ್ಯಾಟರಿ ಕೂತಿತು. ಜೋಡು ತಂತಿಗಳು ಕಳಚಿದವು.

ಪೆಟ್ಟಿಗೆಯ ಸ್ವಿಚ್ಚನ್ನು ಅಕ್ಕನೇ ಒತ್ತಿದಳು. ಹಳೆಯ ಪರದೆ, ಕಾಯಲು ಹೊತ್ತು ಬೇಕು. ಕಪ್ಪು. ಇನ್ನೂ ಕಪ್ಪು. ನಾದಿನಿಯ ಉಸಿರು ಕಿವಿಯ ಹತ್ತಿರವೇ ಕೇಳುತ್ತಿತ್ತು. ಆಮೇಲೆ, ಚಿತ್ರ ಮೂಡುವ ಮೊದಲೇ, ಪೆಟ್ಟಿಗೆಯ ಒಡಕು ಸ್ಪೀಕರಿನಿಂದ ನೀರೊಳಗಿನ ಗುಳುಗುಳು ಸದ್ದು, ಹಿಂದೆಯೇ ನಾಲ್ಕು ಸ್ವರದ ತುತ್ತೂರಿ.

ಅಕ್ಕ ಕುರ್ಚಿ ಎಳೆದುಕೊಂಡು ಕೂತಳು.

"ಇದೇನಾ?" ಅಂದಳು ನಾದಿನಿ. ಪರದೆಯ ಮೇಲೆ ಹಳದಿ ದೋಣಿಯೊಂದು ಮೇಲೆ ಕೆಳಗೆ ಆಡುತ್ತಿತ್ತು. "ಇಷ್ಟಕ್ಕೇನಾ?"

"ಇಷ್ಟಕ್ಕೇ."

ನಾದಿನಿ ಸಂಜೆಯೇ ಅಣ್ಣನಿಗೆ ಕೈಯ ವಿಷಯ ಹೇಳಿಬಿಟ್ಟಳು. ಅವನು ಬೈಯಲಿಲ್ಲ, ಊಟ ಬಿಟ್ಟು ಎದ್ದು ಹೆಂಡತಿಯ ಕೈ ಹಿಡಿದು ತಿರುಗಿಸಿ ನೋಡಿದ. ಆಸ್ಪತ್ರೆಗೆ ಹೋದರು. ಔಷಧಿಯಿಂದ ನಡುಕ ತುಸು ತಗ್ಗಿತು, ಪೂರ್ತಿ ಹೋಗಲಿಲ್ಲ. ಕೋಣೆಯ ವಿಷಯಕ್ಕೆ ನಾದಿನಿ ದೊಡ್ಡ ಮನಸ್ಸೇನೂ ಮಾಡಲಿಲ್ಲ. "ಕುಲುಮೆ ಇಲ್ಲಿ ತರಲ್ಲ, ಬಿಸಿಗೆ ಇವು ಹಾಳಾಗ್ತವೆ. ಆದ್ರೆ ಈ ಗೋಡೆ ಪಕ್ಕ ನನ್ನ ಅಚ್ಚುಗಳನ್ನ ಇಡ್ತೀನಿ," ಅಂದಳು. ಇಟ್ಟಳು ಕೂಡ. ಈಗ ಆಚೆ ಕಪಾಟಿನಲ್ಲಿ ಆಟಗಳು, ಈಚೆ ಸಾಲುಸಾಲು ಪ್ಲಾಸ್ಟರಿನ ದವಡೆಗಳು.

ಅಚ್ಚು ಜೋಡಿಸುವಾಗ ಅವಳ ಕಣ್ಣಿಗೆ ರೈಲಾಟದ ಬೋರ್ಡು ಬಿತ್ತು. "ಇದು ಸತ್ತಿದ್ದಲ್ವಾ? ಯಾಕೆ ಇಟ್ಟಿದ್ದೀರಿ?"

"ಕೀಲಿ ಹೋಗಿದೆ. ಆಟ ಒಳಗೇ ಇದೆ. ಬಿಡಿಸೋ ದಾರಿ ಯಾರಾದ್ರೂ ಕಂಡುಹಿಡಿದ್ರೆ ಆಗ ಬೋರ್ಡೇ ಇಲ್ಲ ಅನ್ನೋ ಹಾಗೆ ಆಗಬಾರದು."

ನಾದಿನಿ ಅದನ್ನು ಎರಡೂ ಕೈಯಲ್ಲಿ ಎತ್ತಿ ಒಮ್ಮೆ ತಿರುಗಿಸಿ ನೋಡಿದಳು. "ಹಾಗಿದ್ರೆ ಇಷ್ಟು ಅಂಚಿಗೆ ಇಡ್ತಾರಾ?" ಎಂದು ಗೊಣಗಿ, ಕಪಾಟಿನ ಒಳಗಡೆಗೆ ಸರಿಸಿಟ್ಟಳು.