ಸೋಮವಾರ ಮಾತ್ರ ಬಿಗಿಯುತ್ತಿದ್ದ ಸ್ಟೀರಿಂಗ್

ಎರಡು ವರ್ಷದ ಹಿಂದೆ, ಶಿವರಾತ್ರಿ ಇನ್ನೂ ಬಂದಿರಲಿಲ್ಲ, ಹಳೇಬೀಡಿನ ದೇವಸ್ಥಾನದ ಮುಂದೆ ಕಾರು ನಿಲ್ಲಿಸುವ ಜಾಗದಲ್ಲಿ ನಮ್ಮ ಯಜಮಾನರು ಮಾತಾಡುತ್ತಾ ಮಾತಾಡುತ್ತಾ ಕುಸಿದುಬಿಟ್ಟರು. ಅವರದು ಟೂರಿಸ್ಟ್ ಕಾರು. ಅರಸೀಕೆರೆ ಸ್ಟೇಷನ್ನಿನಲ್ಲಿ ಇಳಿದವರನ್ನು ಹತ್ತಿಸಿಕೊಂಡು ಬೇಲೂರು, ಹಳೇಬೀಡು ತೋರಿಸಿ ಸಂಜೆಯ ರೈಲಿಗೆ ತಂದು ಬಿಡುವುದು ಕೆಲಸ. ಅವತ್ತು ಅವರ ಕಾರಿನಲ್ಲಿ ಬಂದಿದ್ದ ದಾವಣಗೆರೆ ಕಡೆಯ ಗಂಡ ಹೆಂಡತಿಯೇ ಅವರನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ತಾವೇ ಕಾರು ಓಡಿಸಿಕೊಂಡು ಹಾಸನದ ಆಸ್ಪತ್ರೆಗೆ ಸೇರಿಸಿದರು. ಆ ಪುಣ್ಯಾತ್ಮರ ಹೆಸರೂ ನಾನು ಕೇಳಿಕೊಳ್ಳಲಿಲ್ಲ. ನಾನು ಬಸ್ಸು ಹಿಡಿದು ಹೋಗುವ ಹೊತ್ತಿಗೆ ಅವರ ಬಲಗೈ, ಬಲಗಾಲು ಬಿದ್ದುಹೋಗಿತ್ತು. ಮಾತೂ ಹೋಗಿತ್ತು.

ಹುಲಿಕೆರೆ ಹತ್ತಿರದ ನಮ್ಮ ಕಲ್ಲೇಶ್ವರ ಸ್ವಾಮಿಗೆ ನಡೆದುಕೊಳ್ಳುವ ನಿಮಗೆಲ್ಲ ಇದನ್ನು ತಿಳಿಸಬೇಕೆಂದು ಗುಡಿಯ ಐನೋರು ಹೇಳಿದ್ದರಿಂದ ಬರೆಯುತ್ತಿದ್ದೇನೆ. ನಾನು ರವಿಕೆ ಹೊಲಿಯುವವಳು, ಬರೆದು ಅಭ್ಯಾಸವಿಲ್ಲ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಮಾತು ಹೋದದ್ದು ಎಂಥವರದು ಎಂದು ನಿಮಗೆ ಗೊತ್ತಾಗಬೇಕು. ನಮ್ಮ ಯಜಮಾನರು ಬಾಯಿ ತೆರೆದರೆ ಬೀದಿಯ ಕೊನೆಗೆ ಕೇಳುತ್ತಿತ್ತು. ಹಿಂದಿಯವರಿಗೆ ಹಿಂದಿ, ತಮಿಳರಿಗೆ ತಮಿಳು, ಎಲ್ಲದಕ್ಕೂ ಒಂದಿಷ್ಟು ಅರಸೀಕೆರೆಯ ಕನ್ನಡ ಬೆರೆಸಿ ಹೊಡೆಯುತ್ತಿದ್ದರು. ನನ್ನ ಪಾಲಿಗೆ ಬರುತ್ತಿದ್ದದ್ದು ಬೈಗುಳ ಮಾತ್ರ. "ಕಾರಿನ ಬಾಗ್ಲು ಹಂಗೆ ಬಡೀತಾರೇನೇ? ಅದೇನು ನಿಮ್ಮಪ್ಪನ ಮನೆ ಕೊಟ್ಟಿಗೆ ಬಾಗ್ಲಾ?" ಎಂದು ಪ್ರಯಾಣಿಕರ ಮುಂದೆಯೇ ಅನ್ನುವರು. ನಾನೂ ಬಿಡುತ್ತಿರಲಿಲ್ಲ, ಒಂದಕ್ಕೆರಡು ಹೇಳುತ್ತಿದ್ದೆ. ನಮಗೆ ಮಕ್ಕಳಿಲ್ಲ. ಆ ಜಗಳದಿಂದಲೇ ಮನೆ ತುಂಬಿರುತ್ತಿತ್ತು.

ಮಾತು ಬಂದರೂ ಬರಬಹುದು, ಬರದೆಯೂ ಇರಬಹುದು ಎಂದು ಡಾಕ್ಟರು ಹೇಳಿದರು. ಲೋಟ ತೋರಿಸಿ, ಬಾಚಣಿಗೆ ತೋರಿಸಿ ಇದೇನು ಅದೇನು ಎಂದು ಕೇಳುತ್ತಿರಬೇಕು ಅಂದರು. ನಾನು ಕೇಳುತ್ತಿದ್ದೆ. ಊರೂರು ಸುತ್ತಿದ ಮನುಷ್ಯನಿಗೆ ಹೆಂಡತಿ ಲೋಟ ಹಿಡಿದು ಪಾಠ ಹೇಳುವುದೆಂದರೆ ಎಷ್ಟು ನೋವಾಗಿರಬೇಡ. ಅವರು ಗೋಡೆಯ ಕಡೆಗೆ ಮುಖ ತಿರುಗಿಸಿಬಿಡುತ್ತಿದ್ದರು. ನಾನು ಲೋಟ ಹಿಡಿದುಕೊಂಡು ಅಡುಗೆಮನೆಗೆ ಹೋಗಿ ಅಳುತ್ತಿದ್ದೆ.

ವಾರಕ್ಕೊಮ್ಮೆ ಹಾಸನಕ್ಕೆ ವ್ಯಾಯಾಮಕ್ಕೆ ಕರೆದೊಯ್ಯಬೇಕಿತ್ತು. ಬಸ್ಸಿನಲ್ಲಿ ಹತ್ತಿಸಿ ಇಳಿಸುವುದು ನನ್ನ ಕೈಲಾಗಲಿಲ್ಲ. ಕಾರು ಮನೆ ಮುಂದೆ ಸುಮ್ಮನೆ ನಿಂತಿತ್ತು. ಐವತ್ತು ದಾಟಿದವಳು ಡ್ರೈವಿಂಗ್ ಶಾಲೆಗೆ ಸೇರಿದೆ. ಎಷ್ಟೋ ಜನ ನಕ್ಕರು. ಲೈಸೆನ್ಸ್ ಕೈಗೆ ಬಂದ ದಿನ ಅವರನ್ನು ಪಕ್ಕದ ಸೀಟಿನಲ್ಲಿ ಕೂರಿಸಿ ಬೆಲ್ಟು ಹಾಕಿದಾಗ ಅವರು ನನ್ನನ್ನೇ ನೋಡಿದರು. ಬೈಯುವುದಕ್ಕೆ ಅವರಿಗೆ ಅದಕ್ಕಿಂತ ಒಳ್ಳೆಯ ಸಮಯ ಎಲ್ಲಿ ಸಿಗಬೇಕು, ಪಾಪ. ಬಾಯಿ ಅಲುಗಿತು, ಶಬ್ದ ಬರಲಿಲ್ಲ.

ಅವತ್ತಿನಿಂದ ನನ್ನ ಬೇಡಿಕೆ ಒಂದೇ ಆಯಿತು. ನಡೆಸು ಎನ್ನಲಿಲ್ಲ, ದುಡಿಯುವಂತೆ ಮಾಡು ಎನ್ನಲಿಲ್ಲ. ಸ್ವಾಮೀ, ಇವರು ಒಂದೇ ಒಂದು ಸಲ ನನ್ನನ್ನು ಬೈಯಲಿ, ಸಾಕು ಎಂದು ಕಲ್ಲೇಶ್ವರನನ್ನು ಕೇಳಿಕೊಂಡೆ. ಹರಕೆಯನ್ನು ಯಾರ ಮುಂದೆಯೂ ಬಾಯಿ ಬಿಡಬಾರದೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ನಾನು ಐನೋರೊಬ್ಬರಿಗೆ ಮಾತ್ರ ಹೇಳಿದೆ. ಅವರು, "ಸೋಮವಾರ ಸೋಮವಾರ ಕರ್ಕೊಂಡು ಬಾರವ್ವ. ನಡೆಯೋಕಾಗದಿದ್ರೆ ಏನಂತೆ, ಗಾಡೀಲೇ ಪ್ರದಕ್ಷಿಣೆ ಹಾಕ್ಸು. ಹೊಸ ಕಾರು ತಂದಾಗೆಲ್ಲ ಅವನೇ ಇಲ್ಲಿ ಸುತ್ತಿಸ್ತಿರಲಿಲ್ವಾ?" ಅಂದರು.

ಹೀಗೆ ಶ್ರಾವಣದಲ್ಲಿ ಶುರು ಮಾಡಿದೆ. ಅರಸೀಕೆರೆಯಿಂದ ಜಾವಗಲ್ ಮೇಲೆ ಹಳೇಬೀಡಿಗೆ ಹೋಗಿ, ಅಲ್ಲಿಂದ ಹುಲಿಕೆರೆ ದಾರಿ. ಶಿವನ ಗುಡಿಗೆ ಪೂರ್ತಿ ಸುತ್ತು ಬರುವಂತಿಲ್ಲ ಎಂಬುದು ನಿಮಗೆ ಗೊತ್ತೇ ಇದೆ. ಅಭಿಷೇಕದ ನೀರು ಹೊರಗೆ ಬೀಳುವ ಗೋಮುಖವನ್ನು ದಾಟಬಾರದು. ಅಲ್ಲಿಯವರೆಗೆ ಹೋಗಿ ಬಂದ ದಾರಿಯಲ್ಲೇ ಹಿಂದಿರುಗಬೇಕು, ಮತ್ತೆ ಆ ಕಡೆಯಿಂದ ಗೋಮುಖದವರೆಗೆ ಹೋಗಬೇಕು. ಕಾಲಲ್ಲಿ ನಡೆಯುವವರು ಅಲ್ಲೇ ತಿರುಗಿಕೊಳ್ಳುತ್ತಾರೆ. ಕಾರು ಹಾಗೆ ತಿರುಗುತ್ತದೆಯೇ? ಗುಡಿಯ ಹಿಂದೆ ಒಂದು ಕಡೆ ಕಲ್ಲಿನ ಗೋಡೆ, ಇನ್ನೊಂದು ಕಡೆ ಬೇವಿನ ಮರ. ಆ ಇಕ್ಕಟ್ಟಿನಲ್ಲಿ ಸ್ಟೀರಿಂಗನ್ನು ಈ ಕಡೆ ಕೊನೆಯವರೆಗೆ ತಿರುಗಿಸಿ ಒಂದು ಮಾರು ಮುಂದೆ, ಆ ಕಡೆ ಕೊನೆಯವರೆಗೆ ತಿರುಗಿಸಿ ಒಂದು ಮಾರು ಹಿಂದೆ, ಹೀಗೆ ತಿಣುಕಿ ತಿಣುಕಿ ಕಾರು ತಿರುಗಿಸುತ್ತಿದ್ದೆ. ಗೋಮುಖದ ಹತ್ತಿರ ಬಂದಾಗಲೆಲ್ಲ ಕಾರು ನಿಲ್ಲಿಸಿ, ತಿರುಗಿಸಿದ ಸ್ಟೀರಿಂಗನ್ನು ಹಾಗೇ ಬಿಗಿಯಾಗಿ ಹಿಡಿದುಕೊಂಡು ಕಣ್ಣು ಮುಚ್ಚಿ ಬೇಡಿಕೊಳ್ಳುವುದು. ಕೈ ಬಿಟ್ಟರೆ ಚಕ್ರ ತಾನಾಗಿ ತಿರುಗಿ ಎಲ್ಲಿ ಗೋಮುಖ ದಾಟಿಬಿಡುತ್ತದೋ ಎಂಬ ಹೆದರಿಕೆ ನನಗೆ. ಇಂಥ ಸುತ್ತು ಹನ್ನೊಂದು.

ಎರಡನೆಯ ಸೋಮವಾರವೇ ವಾಪಸ್ ಬರುವಾಗ ಸ್ಟೀರಿಂಗ್ ಕಲ್ಲಾಯಿತು. ಎದುರಿನ ಗಾಜಿನ ಕೆಳಗೆ ಹಳದಿ ದೀಪ ಹತ್ತಿತು. ಹಳೇಬೀಡಿನ ತಿರುವಿನಲ್ಲಿ ಮೈಯೆಲ್ಲ ಬಲ ಹಾಕಿ ಎಳೆದರೂ ಕಾರು ಸರಿಯಾಗಿ ತಿರುಗದೆ ಎದುರಿಗೆ ಬಂದ ಹಾಲಿನ ವ್ಯಾನಿಗೆ ಗೇಣು ದೂರದಲ್ಲಿ ನಿಂತಿತು. ಒಂದಷ್ಟು ಹೊತ್ತು ಇಂಜಿನ್ ನಿಲ್ಲಿಸಿ ಕೂತು ಮತ್ತೆ ಸ್ಟಾರ್ಟ್ ಮಾಡಿದರೆ ಏನೂ ಆಗಿಲ್ಲದ ಹಾಗೆ ಬೆರಳಿನಲ್ಲಿ ತಿರುಗಿತು.

ಬೇಲೂರಿನ ಗ್ಯಾರೇಜಿನ ಇರ್ಫಾನ್ ನಮ್ಮ ಯಜಮಾನರ ಹಳೆಯ ಸ್ನೇಹಿತರ ಮಗ. ಅವನು ಕಂಪ್ಯೂಟರ್ ಹಾಕಿ ನೋಡಿದ. ಈಗಿನ ಕಾರುಗಳಲ್ಲಿ ಸ್ಟೀರಿಂಗ್ ಭಾರವನ್ನು ಹೊರಲು ಕರೆಂಟಿನ ಮೋಟರ್ ಇರುತ್ತದಂತೆ. "ಆ ಮೋಟರ್ ವಿಪರೀತ ಬಿಸಿಯಾಗ್ತಾ ಐತೆ ಅಕ್ಕಾ. ಸುಟ್ಟು ಹೋಗ್ಬಾರ್ದು ಅಂತ ತಾನೇ ಕೆಲಸ ಕಮ್ಮಿ ಮಾಡುತ್ತೆ, ಆಗ ಭಾರ ಎಲ್ಲಾ ನಿಮ್ಮ ಕೈಗೆ ಬೀಳುತ್ತೆ. ಯಾಕೆ ಬಿಸಿಯಾಗ್ತೈತೆ ಅಂತ ಹುಡುಕ್ಬೇಕು," ಅಂದ. ಬ್ಯಾಟರಿ ನೋಡಿದ, ಸರಿಯಾಗಿತ್ತು. ಅರ್ತ್ ವೈರ್ ಬಿಚ್ಚಿ ಉಜ್ಜಿ ಹಾಕಿದ. ಟೈರಿನ ಗಾಳಿ ನೋಡಿದ. ಕೆಳಗೆ ಮಲಗಿ ಜಾಯಿಂಟುಗಳನ್ನೆಲ್ಲ ತಿರುಗಿಸಿ ನೋಡಿದ, ಎಲ್ಲೂ ಬಿಗಿತವಿಲ್ಲ. ಹಗರೆಯವರೆಗೆ ತಾನೇ ಓಡಿಸಿಕೊಂಡು ಹೋಗಿ ಬಂದ, ದೀಪ ಹತ್ತಲಿಲ್ಲ. ಹಾಸನಕ್ಕೆ ಹೋದ ದಿನವೂ ಹತ್ತಲಿಲ್ಲ. ಸೋಮವಾರ ಬಂತು, ಹತ್ತಿತು.

ಮುಂದಿನ ಸೋಮವಾರವೂ ಹಾಗೇ. ಅದರ ಮುಂದಿನದೂ ಹಾಗೇ. "ಸೋಮವಾರ ಎಲ್ಲಿಗೆ ಹೋಗ್ತೀರಕ್ಕಾ?" ಎಂದು ಇರ್ಫಾನ್ ಕೇಳಿದ. ಹರಕೆಯ ಮಾತಲ್ಲವೇ, "ಹಳೇಬೀಡಿನ ಕಡೆಗೆ," ಎಂದಷ್ಟೇ ಹೇಳಿದೆ. ಕೊನೆಗೆ ಅವನು, ಮೋಟರ್ ಸಮೇತ ಇಡೀ ಸ್ಟೀರಿಂಗ್ ಕಂಬವನ್ನೇ ಬದಲಾಯಿಸಬೇಕೇನೋ, ಬೆಂಗಳೂರಿನಿಂದ ತರಿಸಬೇಕು ಅಂದ. ನಮ್ಮ ಮೈದುನ ಶಿವಣ್ಣ ಸಿಟ್ಟಾದ. "ಅತ್ತಿಗೆ, ಸಾಕು. ಅಣ್ಣನ್ನೂ ಕರ್ಕೊಂಡು ನೀವೂ ಹೋಗ್ಬಿಡ್ತೀರ. ಗಾಡಿ ಮಾರಿಬಿಡಿ," ಅಂದ.

ನನಗೆ ಕಾರಿನದು ಚಿಂತೆಯಾಗಿರಲಿಲ್ಲ. ವಾರವೆಲ್ಲ ಸರಿಯಾಗಿರುವ ಕಾರು ಸ್ವಾಮಿಯ ದಿನ, ಸ್ವಾಮಿಯ ಬಾಗಿಲಿಗೆ ಹೋದಾಗ ಮಾತ್ರ ಬಿಗಿಯುತ್ತದೆ ಅಂದರೆ ಅದರ ಅರ್ಥ ಏನು? ಬರಬೇಡ ಎಂದು ಅವನೇ ಹೇಳುತ್ತಿದ್ದಾನೆ ಎಂದುಕೊಂಡೆ. ಒಂದು ಬೈಗುಳವನ್ನು ಕೇಳಿದ್ದಕ್ಕೆ ಇಷ್ಟು ನಿಷ್ಠುರವೇ? ಹೊಲಿಗೆಗೆ ಕೂತರೆ ಕಣ್ಣೀರು ಬಟ್ಟೆಯ ಮೇಲೆ ಬೀಳುತ್ತಿತ್ತು. ಮಗ್ಗುಲಲ್ಲೇ ಮಲಗಿದ್ದ ಅವರು ಎಲ್ಲ ನೋಡುತ್ತಿದ್ದರು, ಒಂದು ಮಾತು ಕೇಳುವಂತಿರಲಿಲ್ಲ.

ಕಾರ್ತಿಕದ ಸೋಮವಾರ, ಇದೊಂದೇ ಕೊನೆ ಎಂದುಕೊಂಡು ಹೊರಟೆ. ಇನ್ನು ಬರುವುದಿಲ್ಲ ಎಂದು ಅವನ ಎದುರಿಗೇ ಹೇಳಿ ಬರೋಣ ಎಂದಿದ್ದೆ. ಹನ್ನೊಂದರಲ್ಲಿ ಅರ್ಧದಷ್ಟು ಸುತ್ತು ಮುಗಿದಿತ್ತೋ ಇಲ್ಲವೋ, ಗುಡಿಯ ಹಿಂದೆ ಸ್ಟೀರಿಂಗ್ ಭಾರವಾಗುತ್ತಾ ಬಂತು. ದೀಪ ಹತ್ತಿತು. ಗೋಮುಖದಿಂದ ನೀರು ತೊಟ್ಟಿಕ್ಕುತ್ತಿತ್ತು. ಸ್ಟೀರಿಂಗನ್ನು ಕೊನೆಯವರೆಗೆ ತಿರುಗಿಸಿ ಹಿಡಿದಿದ್ದವಳು ಹಾಗೇ ಅದರ ಮೇಲೆ ಹಣೆ ಇಟ್ಟು ಜೋರಾಗಿ ಅತ್ತುಬಿಟ್ಟೆ. "ನಿನಗೆ ಬೇಡವಾದರೆ ನನಗೂ ಬೇಡ, ನಾನು ಇನ್ನು ಬರಲ್ಲ," ಅಂದೆ.

ಆಗ ಪಕ್ಕದ ಸೀಟಿನಲ್ಲಿದ್ದ ನಮ್ಮ ಯಜಮಾನರು ನನ್ನ ಮೇಲೆ ಬಿದ್ದರು. ಮತ್ತೆ ಲಕ್ವ ಹೊಡೆಯಿತು ಎಂದೇ ನನ್ನ ಎದೆ ಒಡೆಯಿತು. ಹಿಡಿದುಕೊಳ್ಳಲು ಹೋದರೆ ಅವರ ಎಡಗೈ ನನ್ನನ್ನು ತಳ್ಳಿಕೊಂಡು, ತಡವರಿಸಿಕೊಂಡು ಸ್ಟೀರಿಂಗಿನ ಕೆಳಗೆ ಹೋಯಿತು. ಅಲ್ಲಿ ಮೊಣಕಾಲಿನ ಮೇಲಿರುವ ಪ್ಲಾಸ್ಟಿಕ್ ಮುಚ್ಚಳದ ಒಳಗೆ ಕೈ ತೂರಿಸಿ ಏನನ್ನೋ ಮುಟ್ಟಿದರು. ಮುಖ ಕೆಂಪಾಗಿತ್ತು. ಗಂಟಲು ಗೊರಗೊರ ಎಂದಿತು.

"ಬಿ... ಬಿಸಿ," ಅಂದರು.

ಅವರು ಆ ಕೈ ತೆಗೆದು ಸ್ಟೀರಿಂಗ್ ಹಿಡಿದಿದ್ದ ನನ್ನ ಕೈಗೆ ಪಟ್ಟನೆ ಹೊಡೆದರು.

"ಬಿಡೇ, ದಡ್ಡೀ."

ಮಂಗಳಾರತಿ ತಟ್ಟೆ ಹಿಡಿದುಕೊಂಡೇ ಐನೋರು ಓಡಿ ಬಂದರು. "ಏನಾಯ್ತವ್ವಾ?"

"ಬೈದ್ರು ಐನೋರೇ," ಅಂದೆ. "ನನ್ನ ಬೈದ್ರು."

ಅವರು ತಟ್ಟೆಯನ್ನು ನೆಲದ ಮೇಲೆ ಇಟ್ಟು ಕಣ್ಣೊರೆಸಿಕೊಂಡರು. ನಾನು ಯಜಮಾನರು ಮುಟ್ಟಿದ ಜಾಗದಲ್ಲಿ ಕೈ ಇಟ್ಟೆ. ಆಗತಾನೇ ಇಸ್ತ್ರಿ ಮಾಡಿ ಇಟ್ಟ ಪೆಟ್ಟಿಗೆಯ ಹಾಗೆ ಸುಡುತ್ತಿತ್ತು. ಅಲ್ಲಿಂದಲೇ ಇರ್ಫಾನನಿಗೆ ಫೋನು ಮಾಡಿ ಹರಕೆಯೆಲ್ಲ ಬಿಚ್ಚಿ ಹೇಳಿದೆ. "ಅಯ್ಯೋ ಅಕ್ಕಾ," ಅಂದ. "ನಿಂತಿರೋ ಗಾಡೀಲಿ ಕೊನೇವರ್ಗೂ ತಿರುಗ್ಸಿ ಹಿಡ್ಕೊಂಡ್ರೆ ಮೋಟರು ಗೋಡೇನ ತಳ್ಳಿದ ಹಂಗೆ ತಳ್ತಾನೇ ಇರುತ್ತೆ. ಬಿಸಿಯಾಗ್ದೆ ಏನಾಗುತ್ತೆ? ಕೊನೆ ಮುಟ್ತಿದ್ದಂಗೆ ಚೂರು ಸಡಿಲ ಬಿಡಿ. ಚಕ್ರ ಉರುಳ್ತಿರುವಾಗ ತಿರುಗ್ಸಿ. ಎರಡು ಸುತ್ತು ಆದ್ಮೇಲೆ ಆಫ್ ಮಾಡಿ ತಣಿಯೋಕೆ ಬಿಡಿ. ಯಾವ ಸಾಮಾನೂ ಬದಲಾಯ್ಸೋದು ಬೇಡ." ನನ್ನ ಹೊಲಿಗೆ ಮೆಷಿನ್ನಿಗೂ ಮೋಟರ್ ಇದೆ. ದಪ್ಪ ಬಟ್ಟೆಯಲ್ಲಿ ಸೂಜಿ ಸಿಕ್ಕಿಕೊಂಡಾಗ ಪೆಡಲು ತುಳಿಯುತ್ತಲೇ ಇದ್ದರೆ ಸುಟ್ಟ ವಾಸನೆ ಬರುವುದು ನನಗೆ ಗೊತ್ತಿತ್ತು. ಕಾರಿಗೆ ಅದನ್ನು ಹೊಂದಿಸಿ ನೋಡಲಿಲ್ಲ.

ಕೋಪ ಬಂದಾಗ ಇಂಥವರ ಬಾಯಿಂದ ಮಾತು ಹೊರಬೀಳುವುದುಂಟು ಎಂದು ಹಾಸನದ ಡಾಕ್ಟರು ಹೇಳಿದರು. ಅವರು ಹೇಳಿದ್ದೂ ನಿಜವಿರಬೇಕು. ಆ ಕೋಪ ಮನೆಯಲ್ಲಿ ಬರಲಿಲ್ಲ, ಆಸ್ಪತ್ರೆಯಲ್ಲಿ ಬರಲಿಲ್ಲ. ಗೋಮುಖದ ಎದುರು ಬಂತು. ಬರಬೇಡ ಎಂದು ಸ್ವಾಮಿ ಬಾಗಿಲು ಹಾಕುತ್ತಿದ್ದಾನೆ ಎಂದು ನಾನು ತಿಳಿದಿದ್ದೆ. ಅವನು ಪ್ರತಿ ಸೋಮವಾರವೂ ಮೋಟರನ್ನು ಬಿಸಿ ಮಾಡಿ ಮಾಡಿ, ನಮ್ಮವರ ಬಾಯಿ ಬಿಡಿಸಲು ನೋಡುತ್ತಿದ್ದ.

ಆಮೇಲೆ ನಮ್ಮ ಸೋಮವಾರಗಳು ಉದ್ದವಾದವು. ಎರಡು ಸುತ್ತು ಹಾಕಿ ಬೇವಿನ ಮರದಡಿ ಇಂಜಿನ್ ನಿಲ್ಲಿಸಿ ಕೂರುತ್ತಿದ್ದೆವು. ಕಾರು ತಣಿಯುವ ಆ ಹೊತ್ತಿನಲ್ಲೇ ಅವರಿಗೆ ಒಂದೊಂದು ಮಾತು ಬರುತ್ತಿತ್ತು. ನೀರು ಅಂದರು. ಸಾಕು ಅಂದರು. ಒಮ್ಮೆ ಮರದ ಮೇಲಿನ ಗಿಳಿಯನ್ನು ನೋಡಿ ಅದರ ಹೆಸರು ನೆನಪಾಗದೆ, "ಹಸಿರು, ಹಸಿರು," ಅಂದು ತಾವೇ ನಕ್ಕರು. ಲೋಟ ಹಿಡಿದು ಪಾಠ ಮಾಡುವುದನ್ನು ನಾನು ಬಿಟ್ಟೆ. ಸ್ಟೀರಿಂಗ್ ಕೊನೆ ಮುಟ್ಟಿದಾಗ ನಾನು ಸಡಿಲ ಬಿಡಲು ಮರೆತರೆ ಮಾತ್ರ, "ಬಿಡೇ," ಎನ್ನುವುದು ತಪ್ಪುತ್ತಿರಲಿಲ್ಲ.

ಮರುವರ್ಷ ಯುಗಾದಿ ಕಳೆದ ಮೇಲೆ ಮತ್ತೊಮ್ಮೆ ಲಕ್ವ ಹೊಡೆಯಿತು. ಅದೇ ಹಾಸನದ ಆಸ್ಪತ್ರೆ. ಈ ಸಲ ಕಾರು ನಾನೇ ಓಡಿಸಿಕೊಂಡು ಹೋದೆ. ಅವರು ವಾಪಸ್ ಬರಲಿಲ್ಲ.

ಕಡಿಮೆ ಕೇಳಿದೆನೇನೋ ಎಂದು ಬಹಳ ದಿನ ಕೊರಗಿದೆ. ಒಂದು ಸಲ ಬೈಯಲಿ ಎಂದು ಕೇಳುವ ಬದಲು ಬದುಕಿರಲಿ ಎಂದು ಕೇಳಬೇಕಿತ್ತಲ್ಲ ಎಂದು ಐನೋರ ಹತ್ತಿರ ಅತ್ತೆ. ಅವರು, "ನೀನು ಕೇಳಿದ್ದು ಒಂದು ಕಣವ್ವಾ. ಅವನು ಎಷ್ಟು ಕೊಟ್ಟ, ಎಣಿಸಿದ್ಯಾ?" ಅಂದರು. ನಾನು ಎಣಿಸಿರಲಿಲ್ಲ. ಮರದಡಿಯ ಆ ಸೋಮವಾರಗಳನ್ನೆಲ್ಲ ನೆನೆದು ಅಲ್ಲೇ ನೆಲಕ್ಕೆ ಹಣೆ ಹಚ್ಚಿದೆ. ನನ್ನ ನಂಬಿಕೆ ಅಲ್ಲಿಂದ ಅಲುಗಿಲ್ಲ. ದುಃಖ ಹೋಗಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ, ನಂಬಿಕೆಯೂ ಇದೆ, ದುಃಖವೂ ಇದೆ.

ಈಗಲೂ ಸೋಮವಾರ ಕಾರು ತೆಗೆದುಕೊಂಡು ಹೋಗುತ್ತೇನೆ. ಕಾಲು ಗಟ್ಟಿಯಿರುವವಳು ನಡೆದೇ ಸುತ್ತಬಹುದು, ಆದರೂ ಕಾರಿನಲ್ಲೇ ಸುತ್ತುತ್ತೇನೆ, ಪಕ್ಕದ ಸೀಟಿಗೆ ಬೆಲ್ಟು ಹಾಕಿ. ಗೋಮುಖದ ಹತ್ತಿರ ಸ್ಟೀರಿಂಗನ್ನು ಕೊನೆಯವರೆಗೆ ತಿರುಗಿಸಿ, ಬೇಕೆಂದೇ ಒಂದು ಗಳಿಗೆ ಬಿಡದೆ ಹಿಡಿದಿರುತ್ತೇನೆ. ಯಾರೂ ಬೈಯುವುದಿಲ್ಲ. ಸ್ವಾಮಿಗೆ ಕೈ ಮುಗಿಯಬೇಕಲ್ಲ, ಆಗ ಬಿಡುತ್ತೇನೆ.