ಸೋಸದೆ ಕೊಟ್ಟ ಸೂಪು

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಸೂಪು ಎಂಬ ಮಾತೇ ಇರಲಿಲ್ಲ. ಜೋಳದ ರೊಟ್ಟಿ, ಪಲ್ಯ, ಸಾರು, ಮಗ್ಗುಲಿಗೆ ಒಂದಿಷ್ಟು ಶೇಂಗಾ ಚಟ್ನಿ. ಮುಲುಂಡಿನಲ್ಲಿ ಸಾಲು ಕೋಣೆಗಳ ಚಾಳಿಗೆ ಬಂದು ಎಷ್ಟು ವರ್ಷವಾದರೂ ಅವ್ವ ವಿಜಾಪುರದ ಕಡೆಯ ಅಡುಗೆ ಬಿಟ್ಟಿರಲಿಲ್ಲ. ಸೂಪು ನಮ್ಮ ಖೋಲಿಯ ಒಳಗೆ ಬಂದದ್ದು ಅಕ್ಕನಿಗೆ ಟೈಫಾಯಿಡ್ ಆದ ವರ್ಷ. ಆಗ ನನಗೆ ಒಂಬತ್ತು, ಅಕ್ಕನಿಗೆ ಹದಿನಾಲ್ಕು.

ಮೂರು ವಾರ ಬಿಡದೆ ಕಾಯ್ದ ಜ್ವರ ಒಂದು ಬೆಳಿಗ್ಗೆ ಇಳಿಯಿತು. ಅಕ್ಕನ ಮುಖದಲ್ಲಿ ಕಣ್ಣು ಬಿಟ್ಟರೆ ಬೇರೇನೂ ಉಳಿದಿರಲಿಲ್ಲ. ಬಾಚಣಿಗೆ ಇಟ್ಟರೆ ಕೂದಲು ಹಿಡಿಹಿಡಿಯಾಗಿ ಬರುತ್ತಿತ್ತು. ನೋಡಲು ಬಂದ ಡಾಕ್ಟರು ಅಪ್ಪನನ್ನು ಬಾಗಿಲ ಹೊರಗೆ ಕರೆದು ಹಿಂದಿಯಲ್ಲಿ ಮಾತಾಡಿದರು. ಅಪ್ಪ ಅದನ್ನು ಅವ್ವನಿಗೆ ಕನ್ನಡದಲ್ಲಿ ಹೇಳಿದ. ಬಾಗಿಲ ಹಿಂದೆ ನಿಂತಿದ್ದ ನಾನು ಎರಡೂ ಭಾಷೆಯಲ್ಲಿ ಕೇಳಿಸಿಕೊಂಡೆ. ಜ್ವರ ಹೋಗಿದೆ, ಆದರೆ ಒಳಗೆ ಕರುಳು ನೆನೆದ ಕಾಗದದ ಹಾಗಾಗಿದೆ. ಇನ್ನು ಹತ್ತು ದಿನ ಅರಿವೆಯಲ್ಲಿ ಸೋಸಿದ್ದನ್ನು ಮಾತ್ರ ಕೊಡಬೇಕು. ಗಟ್ಟಿ ಪದಾರ್ಥ ಹೋದರೆ ಕರುಳು ತೂತಾಗಬಹುದು. ಹೊಟ್ಟೆ ನೋವು ಬಂದು ಕಲ್ಲಿನಂತೆ ಬಿಗಿದರೆ ನನ್ನ ದಾರಿ ಕಾಯಬೇಡಿ, ನೇರ ಆಸ್ಪತ್ರೆಗೆ ಒಯ್ಯಿರಿ. ಡಾಕ್ಟರು ಹೇಳಿದ್ದು ಇಷ್ಟು. ಆ ನೆನೆದ ಕಾಗದ ನನ್ನ ತಲೆಯಲ್ಲಿ ಕೂತುಬಿಟ್ಟಿತು. ನೋಟ್‌ಬುಕ್ಕಿನ ಮೂಲೆಯೊಂದನ್ನು ನೀರಿನಲ್ಲಿ ಅದ್ದಿ ಬೆರಳಲ್ಲಿ ಒತ್ತಿ ನೋಡಿದೆ. ಒತ್ತುವ ಮೊದಲೇ ಹರಿಯಿತು.

ಅವ್ವ ಗಂಜಿ ಮಾಡಿದಳು, ಬಾರ್ಲಿ ನೀರು ಮಾಡಿದಳು, ಮೋಸಂಬಿ ಹಿಂಡಿದಳು. ಅಕ್ಕ ಎರಡು ಚಮಚ ನುಂಗಿ ಮುಖ ಗೋಡೆಗೆ ತಿರುಗಿಸುತ್ತಿದ್ದಳು. ಆಗ ಪಕ್ಕದ ಖೋಲಿಯ ಗೋವಾದ ಆಂಟಿ ಬಂದು ಆಲೂಗಡ್ಡೆ ಸೂಪು ಮಾಡುವುದನ್ನು ತೋರಿಸಿಕೊಟ್ಟಳು. ಬೆಣ್ಣೆಯಲ್ಲಿ ಈರುಳ್ಳಿ ಬಾಡಿಸಬೇಕು, ಬೆಂದ ಆಲೂಗಡ್ಡೆ ಕಿವುಚಿ ಹಾಕಬೇಕು, ಹಾಲು ಹೊಯ್ದು ಸಣ್ಣ ಉರಿಯಲ್ಲಿ ಕುದಿಸಬೇಕು. ಅವ್ವ ಹಾಗೆಯೇ ಮಾಡಿ, ತನ್ನ ಹಳೆಯ ಸೀರೆಯ ತುಂಡಿನಲ್ಲಿ ಹಿಂಡಿ ಸೋಸಿದಳು. ಬಟ್ಟಲಿಗೆ ಇಳಿದದ್ದು ತೆಳ್ಳಗಿನ ಬಿಳಿ ನೀರು. ಅಕ್ಕ ಅದನ್ನೂ ಎರಡೇ ಚಮಚ ಕುಡಿದಳು.

ನಾನು ಹೇಳಬೇಕೆಂದಿರುವ ದಿನ, ಡಾಕ್ಟರು ಹೇಳಿದ ಆ ಹತ್ತು ದಿನಗಳಲ್ಲಿ ಆರನೆಯದು. ಅವ್ವ ಔಷಧಿ ಕಾರ್ಖಾನೆಯಲ್ಲಿ ಬಾಟಲಿಗಳಿಗೆ ಚೀಟಿ ಅಂಟಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಅವಳ ರಜೆ ಮುಗಿದಿತ್ತು. ಅಪ್ಪ ಗೌಂಡಿ. ರೈಲು ಹಳಿಯ ಆಚೆ ಏಳುತ್ತಿದ್ದ ಒಂದು ಬಿಲ್ಡಿಂಗಿನಲ್ಲಿ ಗೋಡೆಗೆ ಗಿಲಾವು ಮಾಡುತ್ತಿದ್ದ. ಅಕ್ಕನನ್ನು ನೋಡಿಕೊಳ್ಳಲು ನನ್ನನ್ನು ಕೆಲವು ದಿನ ಶಾಲೆ ಬಿಡಿಸಿದರು. ಅವ್ವ ಆಲೂಗಡ್ಡೆ ಬೇಯಿಸಿಟ್ಟು, ಸೆರಗು ಸಿಕ್ಕಿಸಿಕೊಳ್ಳುತ್ತ, ಬಾಗಿಲಲ್ಲಿ ನಿಂತು ಮತ್ತೊಮ್ಮೆ ಹೇಳಿದಳು:

“ಹನ್ನೊಂದಕ್ಕ ಮಾಡಿ ಕೊಡು. ಆಂಟಿ ಬಂದು ಸ್ಟವ್ ಹಚ್ಚಿ ಕೊಡ್ತಾಳ. ಅರಿವ್ಯಾಗ ಚಂದಂಗ ಸೋಸು. ಒಂದ ತುಣುಕೂ ಹೋಗಬಾರದು, ತಿಳೀತಿಲ್ಲೋ?”

ತಿಳಿದಿತ್ತು. ನನ್ನಷ್ಟು ಚೆನ್ನಾಗಿ ಆ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ ಎಂದೇ ನನ್ನ ಎಣಿಕೆ.

ಆಂಟಿ ಬಂದು ಬತ್ತಿ ಸ್ಟವ್ ಹಚ್ಚಿ, ಈರುಳ್ಳಿ ಸಣ್ಣಗೆ ಹೆಚ್ಚಿಕೊಟ್ಟು, ನಾನು ಬೆಣ್ಣೆ ಹಾಕುವವರೆಗೂ ನಿಂತಿದ್ದು, ಆಮೇಲೆ ರೇಶನ್ ಅಂಗಡಿಯ ಸಾಲಿನಲ್ಲಿ ನಿಲ್ಲಲು ಹೋದಳು. ನಾನೊಬ್ಬಳೇ ಉಳಿದೆ. ಬೆಣ್ಣೆ ಕರಗಿ ನೊರೆ ಎದ್ದಿತು. ಈರುಳ್ಳಿ ಮೆತ್ತಗಾಗಿ ಗಾಜಿನಂತೆ ಹೊಳೆಯಿತು. ಆಲೂಗಡ್ಡೆಯ ಸಿಪ್ಪೆ ಸುಲಿದು ತಂಬಿಗೆಯ ತಳದಿಂದ ಜಜ್ಜಿದೆ. ಸ್ಟವ್ ಮೇಲಿನ ಪಾತ್ರೆಯ ಬಿಸಿ ಕೈಗೆ ತಾಗಿದಾಗಲೆಲ್ಲ ಬೆರಳನ್ನು ಕಿವಿಗೆ ಹಚ್ಚಿಕೊಳ್ಳುತ್ತಿದ್ದೆ. ಹಾಲು ಹೊಯ್ದು ಕೈಯಾಡಿಸುತ್ತ ಹೋದಂತೆ ಅದು ದಪ್ಪಗಾಗಿ, ಕೊತಕೊತ ಎಂದು ಸಣ್ಣ ಗುಳ್ಳೆ ಬಿಡತೊಡಗಿತು. ಉಪ್ಪು, ಮೇಲೆ ಚಿಟಿಕೆ ಮೆಣಸಿನ ಪುಡಿ. ಹಾಲು, ಬೆಣ್ಣೆ, ಈರುಳ್ಳಿಯ ಸಿಹಿ, ಎಲ್ಲ ಸೇರಿ ಎಂಥ ಪರಿಮಳ! ಸೀಮೆ ಎಣ್ಣೆಯ ವಾಸನೆಯೂ ಅದರಡಿ ಮುಚ್ಚಿಹೋಯಿತು.

“ಏನ ವಾಸನಿ ಬರಾಕತ್ತೈತಿ?” ಎಂದಳು ಅಕ್ಕ.

ತಿರುಗಿ ನೋಡಿದರೆ ಮಂಚದ ಮೇಲೆ ಎದ್ದು ಕೂತಿದ್ದಾಳೆ. ತಾನಾಗಿ ಎದ್ದು ಕೂತು ತಿಂಗಳಾಗುತ್ತ ಬಂದಿತ್ತು.

ನಾನು ಗಡಿಬಿಡಿಯಿಂದ ಸೀರೆ ತುಂಡನ್ನು ಬಟ್ಟಲ ಬಾಯಿಗೆ ಕಟ್ಟಿ ಸೂಪು ಸುರಿದೆ. ಅವ್ವನ ಸೂಪಿಗಿಂತ ನನ್ನದು ದಪ್ಪ. ಅರಿವೆಯ ಮೇಲೆ ಮುದ್ದೆಯಾಗಿ ಕೂತುಬಿಟ್ಟಿತು, ಕೆಳಗೆ ಹನಿಯೂ ಇಳಿಯಲಿಲ್ಲ. ಚಮಚದಿಂದ ಉಜ್ಜಿದೆ, ಹಿಂಡಲು ಹೋಗಿ ಕೈ ಸುಟ್ಟುಕೊಂಡೆ.

“ಆ ಅರಿವಿ ತಗಿ. ಹಂಗ ಕೊಡು.”

“ಡಾಕ್ಟರು ಬ್ಯಾಡಂದಾರ, ಅಕ್ಕಾ.”

“ಆಲೂಗಡ್ಡಿ ಏನ ಕಲ್ಲೇನ? ಒಂದ ಬಟ್ಟಲ ಕೊಡವಾ. ಅವ್ವಗ ಹೇಳಾಂಗಿಲ್ಲ.”

ನಾನು ಅಲ್ಲಾಡಲಿಲ್ಲ. ಆಗ ಅಕ್ಕ ಅತ್ತಳು. ಸದ್ದು ಮಾಡಲಿಲ್ಲ, ಅಷ್ಟು ಶಕ್ತಿ ಅವಳಲ್ಲಿ ಇರಲಿಲ್ಲ. ಆ ದೊಡ್ಡ ಕಣ್ಣುಗಳಿಂದ ನೀರು ಸುಮ್ಮನೆ ಇಳಿದು ಗದ್ದದಲ್ಲಿ ನಿಂತಿತು. “ಹಸಿವಿ ಆಗೇತಿ,” ಎಂದಳು. ಇಷ್ಟು ದಿನದಲ್ಲಿ ಆ ಮಾತು ಅವಳ ಬಾಯಿಂದ ಬಂದಿರಲಿಲ್ಲ. ಅದು ಬರಲಿ ಎಂದೇ ಅವ್ವ ದೇವರ ಮುಂದೆ ದಿನಾ ಕೈಮುಗಿಯುತ್ತಿದ್ದಳು. ನಾನು ಅರಿವೆ ಬಿಚ್ಚಿದೆ.

ಅಕ್ಕ ಒಂದು ಬಟ್ಟಲು ತಿಂದಳು, ಇನ್ನೊಂದು ಕೇಳಿದಳು. ಎರಡನೆಯದರಲ್ಲಿ ಹುಣಸೆ ಬೀಜದಷ್ಟು ದೊಡ್ಡ ಆಲೂಗಡ್ಡೆಯ ಗಂಟು ಇತ್ತು. ನಾನು ನೋಡಿದೆ. ಬೇಡ ಎನ್ನುವಷ್ಟರಲ್ಲಿ ಅದು ಅವಳ ಬಾಯಿಗೆ ಹೋಗಿತ್ತು. ತುಟಿ ಒರೆಸಿಕೊಂಡು ಅವಳು ಮಲಗಿದಳು. ಮಲಗಿದ್ದೇ ತಡ, ನಿದ್ದೆ.

ನನಗೆ ಆಗ ಭಯ ಶುರುವಾಯಿತು.

ಮೊದಲು ನಾನು ಮಾಡಿದ ಕೆಲಸ ಹೇಳಲು ಈಗಲೂ ನಾಚಿಕೆಯಾಗುತ್ತದೆ. ಪಾತ್ರೆಯಲ್ಲಿ ಉಳಿದಿದ್ದ ಸೂಪಿನಲ್ಲಿ ಒಂದಿಷ್ಟನ್ನು ಅರಿವೆಯ ತುಂಬ ಬಳಿದು, ಹಿಂಡಿ, ಸೋಸಿದ ಹಾಗೆ ಕಾಣುವಂತೆ ಪಾತ್ರೆಯ ಅಂಚಿಗೆ ಹಾಕಿದೆ. ಆಮೇಲೆ ಅಕ್ಕನ ಹೊಟ್ಟೆಯ ಮೇಲೆ ಕಿವಿ ಇಟ್ಟೆ. ಒಳಗೆ ಗುಳುಗುಳು ಎನ್ನುತ್ತಿತ್ತು, ನಡುವೆ ಕಿರ್ ಎಂದು ಎಳೆದಂತೆ ಒಂದು ಸದ್ದು. ಹರಿಯುತ್ತಿದೆ ಎಂದುಕೊಂಡೆ. ನೆನೆದ ಕಾಗದ ಹೀಗೆಯೇ ಹರಿಯುತ್ತದೆ. ಅಕ್ಕ ನಿದ್ದೆಯಲ್ಲಿ ಒಮ್ಮೆ ನರಳಿದಳು. ಚಾಳಿನ ಹಿಂದೆ ಲೋಕಲ್ ರೈಲು ಹಾದುಹೋಗಿ ತಟ್ಟೆಗಳು ನಡುಗಿದವು. ಇನ್ನೊಂದು ಲೋಕಲ್ ಬರುವವರೆಗೆ ನೋಡೋಣ ಎಂದು ಕೂತೆ. ಅದು ಬಂತು, ಹೋಯಿತು. ಮತ್ತೊಂದು ಬರಲಿ ಎಂದುಕೊಂಡೆ.

ನಾಲ್ಕೋ ಐದೋ ಗಾಡಿ ಹೋದ ಮೇಲೆ ಅಕ್ಕನ ಹಣೆ ಮುಟ್ಟಿದೆ. ಒದ್ದೆಯಾಗಿತ್ತು, ತಣ್ಣಗಿತ್ತು. ಕುತ್ತಿಗೆಯಲ್ಲಿ, ತುಟಿಯ ಮೇಲೆ ಬೆವರು. ಜ್ವರದಲ್ಲಿ ಸುಡುತ್ತಿದ್ದ ಮೈಯನ್ನಷ್ಟೇ ನಾನು ಕಂಡಿದ್ದೆ. ಈ ತಂಪು ನನಗೆ ಹೊಸದು. ಬರಿಗಾಲಲ್ಲಿ, ರಸ್ತೆ ಕೂಡುವ ನಾಕಾದ ಹತ್ತಿರವಿದ್ದ ಡಾಕ್ಟರ ದವಾಖಾನೆಗೆ ಓಡಿದೆ. ಶಟರ್ ಎಳೆದಿತ್ತು. ಐದು ಗಂಟೆಗೆ ಮೊದಲು ಅವರು ಬರುವುದಿಲ್ಲ ಎಂದ ಪಕ್ಕದ ಅಂಗಡಿಯವನು. ಅಕ್ಕನೊಬ್ಬಳನ್ನೇ ಬಿಟ್ಟು ಬಂದದ್ದು ಆಗ ನೆನಪಾಗಿ, ಬಂದಷ್ಟೇ ವೇಗದಲ್ಲಿ ಹಿಂದಕ್ಕೆ ಓಡಿದೆ.

ಆಂಟಿ ಅಕ್ಕಿಯ ಚೀಲ ಹಿಡಿದು ಮೆಟ್ಟಿಲು ಹತ್ತುತ್ತಿದ್ದಳು. “ಕ್ಯಾ ಹುವಾ ಬೇಟಾ?” ಎಂದಳು. ಅಕ್ಕನ ಹತ್ತಿರ ಸ್ವಲ್ಪ ಕೂತಿರಿ, ಅಪ್ಪನನ್ನು ಕರೆದುಕೊಂಡು ಬರುತ್ತೇನೆ ಎಂದೆ. ಯಾಕೆ ಎಂದು ಕೇಳಿದಳು. ನಾನು ಹೇಳಲಿಲ್ಲ. ಹೇಳಿದರೆ ನಿಜವಾಗಿಬಿಡುತ್ತದೆ ಎನ್ನುವ ಹಾಗಿತ್ತು ನನಗೆ.

ಸ್ಟೇಶನ್ನಿನ ಸೇತುವೆಯನ್ನು ಅಲ್ಲಿಯವರೆಗೆ ನಾನು ಒಬ್ಬಳೇ ದಾಟಿರಲಿಲ್ಲ. ಎದುರಿನಿಂದ ಬರುವವರ ಬುತ್ತಿ ಡಬ್ಬಿಗಳು ಭುಜಕ್ಕೆ ಬಡಿಯುತ್ತಿದ್ದವು. ಆಚೆ ಇಳಿದು, ಒಂದು ತಪ್ಪು ಗಲ್ಲಿಗೆ ಹೋಗಿ, ವಾಪಸು ಬಂದು, ಕೊನೆಗೆ ಬಿದಿರಿನ ಅಟ್ಟಣೆ ಕಟ್ಟಿದ್ದ ಬಿಲ್ಡಿಂಗು ಕಂಡೆ. ಅಪ್ಪ ಮೂರನೆಯ ಅಂತಸ್ತಿನ ಎತ್ತರದಲ್ಲಿ ನಿಂತು ಥಾಪಿಯಿಂದ ಗೋಡೆಗೆ ಸಿಮೆಂಟ್ ಬಳಿಯುತ್ತಿದ್ದ. ನಾನು ಕೂಗಿದೆ. ಅಪ್ಪ ಕೆಳಗೆ ನೋಡಿದ. ನನ್ನನ್ನು ಆ ಹೊತ್ತಿನಲ್ಲಿ ಅಲ್ಲಿ ಕಂಡದ್ದಕ್ಕೆ ಅವನಿಗೆ ಏನನಿಸಿತೆಂದು ಅವನ ಕೈ ಹೇಳಿತು. ಥಾಪಿ ಜಾರಿ ಬಿದಿರಿಗೆ ಬಡಿದು ಮರಳಿನ ಮೇಲೆ ಬಿತ್ತು. ಅಷ್ಟು ಬೇಗ ಅವನು ಹೇಗೆ ಇಳಿದು ಬಂದನೋ ಗೊತ್ತಿಲ್ಲ.

“ಅಕ್ಕ?” ಎಂದ. ಅಷ್ಟೇ.

“ನಾ ಸೋಸಲಿಲ್ಲ,” ಎಂದೆ. “ಸೂಪ ಸೋಸಲಿಲ್ಲಪಾ. ಹಂಗ ಕೊಟ್ಟೆ.”

ಅಪ್ಪನಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. “ಎಷ್ಟ ಉಂಡಳು?”

“ಎರಡ ಬಟ್ಟಲ.”

ಅವನು ಬೈಯಲಿಲ್ಲ. ಸಿಮೆಂಟ್ ಮೆತ್ತಿದ ಕೈಯಲ್ಲೇ ನನ್ನ ಕೈ ಹಿಡಿದು ಹೊರಟ. ಸೇತುವೆ ದಾಟುವಾಗ ಆ ಕೈ ಒಣಗಿ ನನ್ನ ಚರ್ಮವನ್ನು ಕೆರೆಯುತ್ತಿತ್ತು. ಸಿಟ್ಟೋ ಹೆದರಿಕೆಯೋ ಎಂದು ಮುಖ ನೋಡಿ ತಿಳಿಯಲು ಹೋದರೆ, ಅವನು ನನಗಿಂತ ಎರಡು ಹೆಜ್ಜೆ ಮುಂದೆಯೇ ಇರುತ್ತಿದ್ದ.

ನಾವು ಒಳಗೆ ಬಂದಾಗ ಅಕ್ಕ ಎಚ್ಚರವಾಗಿದ್ದಳು. ಆಂಟಿ ಅವಳ ಬೆವರು ಒರೆಸಿ ಬೇರೆ ಲಂಗ ಉಡಿಸಿದ್ದಳು. ಅಪ್ಪ ಕೈ ತೊಳೆದು ಬಂದು, ಡಾಕ್ಟರು ತೋರಿಸಿದಂತೆ ಅವಳ ಹೊಟ್ಟೆಯನ್ನು ನಾಲ್ಕೂ ಕಡೆ ಒತ್ತಿ ನೋಡಿದ. “ನೋಯ್ತೈತೇನು? ಇಲ್ಲಿ? ಇಲ್ಲಿ?” ಅಕ್ಕ ಇಲ್ಲ ಇಲ್ಲ ಎಂದು ತಲೆ ಅಲ್ಲಾಡಿಸಿದಳು. ಹೊಟ್ಟೆ ಮೆತ್ತಗೇ ಇತ್ತು. ಆದರೂ ಅಪ್ಪ ಕೆಲಸಕ್ಕೆ ಮರಳಲಿಲ್ಲ. ಮಂಚದ ಪಕ್ಕದಲ್ಲೇ ನೆಲದ ಮೇಲೆ ಕೂತ. ಆಗೊಮ್ಮೆ ಈಗೊಮ್ಮೆ ಕೈ ಚಾಚಿ ಒತ್ತಿ ನೋಡುತ್ತಿದ್ದ. ನಾನು ಮೂಲೆಯಲ್ಲಿ ಕೂತು, ಪ್ರತಿ ಸಲ ಅವನ ಕೈ ಹೊಟ್ಟೆಗೆ ತಾಗುವಾಗ ಅಕ್ಕನ ಮುಖ ನೋಡುತ್ತಿದ್ದೆ. ಐದು ಗಂಟೆ ಆಗುವುದೇ ಇಲ್ಲ ಎನ್ನಿಸಿತು.

ಐದಾದ ಕೂಡಲೇ ಅಪ್ಪ ಹೋಗಿ ಡಾಕ್ಟರನ್ನು ಕರೆತಂದ. ಅವರು ನಾಡಿ ಹಿಡಿದರು, ಜ್ವರ ನೋಡಿದರು, ಹೊಟ್ಟೆ ಒತ್ತಿದರು. ಆಮೇಲೆ ಪಾತ್ರೆ ತರಿಸಿ, ತಳದಲ್ಲಿದ್ದ ಸೂಪನ್ನು ಎರಡು ಬೆರಳ ನಡುವೆ ತಿಕ್ಕಿ ನೋಡಿದರು. ಆಲೂಗಡ್ಡೆ ಬೆಣ್ಣೆಯ ಹಾಗೆ ಬೆಂದಿದೆ, ಅದಕ್ಕೇ ಬಚಾವಾದಿರಿ ಎಂದರು. ಬೆವರಿದ್ದು ಬಿಸಿ ಬಿಸಿ ತಿಂದದ್ದಕ್ಕೆ, ಬಲವಿಲ್ಲದ ಮೈಗೆ ಅದು ಸಹಜ. ಇದನ್ನೆಲ್ಲ ಹೇಳಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿ, ರೊಟ್ಟಿ ಕೇಳಿದ್ದರೆ ಅದನ್ನೂ ಕೊಡುತ್ತಿದ್ದೆಯಾ ಎಂದು ಹಿಂದಿಯಲ್ಲಿ ಕೇಳಿದರು. ನಾನು ಯೋಚಿಸಿದೆ. ಅಕ್ಕ ಹಾಗೆ ಅತ್ತಿದ್ದರೆ ಕೊಡುತ್ತಿದ್ದೆನೋ ಏನೋ. ಡಾಕ್ಟರು ನಗಲಿಲ್ಲ. ಉಳಿದ ನಾಲ್ಕು ದಿನ ಸೋಸಿಯೇ ಕೊಡಬೇಕು, ದಪ್ಪಗಾದರೆ ಹಾಲು ಸೇರಿಸಿ ತೆಳ್ಳಗೆ ಮಾಡಬೇಕು ಎಂದು ನನಗೇ ಹೇಳಿ ಹೋದರು.

ಆರು ಗಂಟೆಗೆ ಅವ್ವ ಬಂದಳು. ಚಪ್ಪಲಿ ಬಿಡುತ್ತಲೇ ಅಕ್ಕನ ಮುಖ ನೋಡಿದಳು. ತುಸು ಬಣ್ಣ ಬಂದಿತ್ತು. ಆಮೇಲೆ ಪಾತ್ರೆಯ ಅಂಚಿನಲ್ಲಿದ್ದ ಅರಿವೆ ಕಂಡಳು. “ಎಷ್ಟ ಚಂದಂಗ ಸೋಸೀದಿ ನನ್ನ ಕೂಸ!” ಎಂದು ನನ್ನ ಗಲ್ಲ ಸವರಿದಳು.

ನಾನು ಅಪ್ಪನ ಕಡೆ ನೋಡಿದೆ. ಅವನು ಅಕ್ಕನ ಹೊದಿಕೆ ಸರಿಮಾಡುತ್ತಿದ್ದ. ಹೇಳುವುದನ್ನು ನನಗೇ ಬಿಟ್ಟಿದ್ದ. ಅಪ್ಪನಿಗೆ ಹೇಳಿದ್ದಕ್ಕಿಂತ ಇದು ಕಷ್ಟವಾಯಿತು. ಅಲ್ಲಿ ಹೆದರಿಕೆ ನನ್ನಿಂದ ಹೇಳಿಸಿತ್ತು. ಇಲ್ಲಿ ಎಲ್ಲ ಸರಿಹೋಗಿತ್ತು, ಸುಮ್ಮನಿದ್ದರೆ ಅವ್ವನಿಗೆ ಗೊತ್ತಾಗುತ್ತಿರಲಿಲ್ಲ. ಅವ್ವನ ಕೈ ಇನ್ನೂ ನನ್ನ ಗಲ್ಲದ ಮೇಲಿತ್ತು, ಅಂಟಿನ ವಾಸನೆ ಬರುತ್ತಿತ್ತು.

“ಸೋಸಿಲ್ಲವಾ,” ಎಂದೆ. “ಸೋಸಿದಂಗ ಕಾಣಲಿ ಅಂತ ನಾನ ಬಳದೇನಿ.”

ಅವ್ವನ ಕೈ ಕೆಳಗಿಳಿಯಿತು. ಅಪ್ಪನ ಮುಖ ನೋಡಿದಳು, ಅಕ್ಕನ ಹೊಟ್ಟೆ ನೋಡಿದಳು, ಕೂತುಬಿಟ್ಟಳು. ಆಮೇಲೆ ಎದ್ದು ಆ ಅರಿವೆಯನ್ನು ಬಚ್ಚಲ ಮೋರಿಯಲ್ಲಿ ತಿಕ್ಕಿ ತಿಕ್ಕಿ ತೊಳೆದು, ಹಗ್ಗಕ್ಕೆ ಹಾಕಿ, ನನ್ನನ್ನು ಹತ್ತಿರ ಕರೆದಳು. “ನಾಳೆ ಹಾಲ ಜಾಸ್ತಿ ಹಾಕು,” ಎಂದಳು.

ಆ ಅಕ್ಕನೇ, ಮೊಮ್ಮಕ್ಕಳೇ, ಬೊರಿವಲಿಯ ನಿಮ್ಮ ದೊಡ್ಡಜ್ಜಿ. ಉದುರಿದ ಕೂದಲು ಮೊದಲಿಗಿಂತ ದಟ್ಟವಾಗಿ ಬೆಳೆಯಿತು, ಅವಳ ದಪ್ಪ ಜಡೆಯನ್ನು ನೀವೇ ಕಂಡಿದ್ದೀರಿ.

ಪವಾಯಿಯ ನಿಮ್ಮ ಮನೆಯಲ್ಲಿ ಇವೆಲ್ಲ ಬೇರೆ. ಮೊನ್ನೆ ನಿಮ್ಮ ಪುಟ್ಟ ತಮ್ಮನಿಗೆ ಹೊಟ್ಟೆ ಕೆಟ್ಟಾಗ ನಾನು ಮಾಡಿದ ಆಲೂಗಡ್ಡೆ ಸೂಪು ಮಿಕ್ಸರಿನಲ್ಲಿ ಅರ್ಧ ನಿಮಿಷಕ್ಕೆ ನುಣ್ಣಗಾಯಿತು. ಡಾಕ್ಟರು ಫೋನಿನ ಪರದೆಯಲ್ಲೇ ಅವನ ನಾಲಿಗೆ ನೋಡಿದರು. ಆದರೆ ಆ ಮಧ್ಯಾಹ್ನ, ದೊಡ್ಡವಳೇ, ನೀನು ನನ್ನ ಬಳಿ ಬಂದು ಮೆಲ್ಲಗೆ ಹೇಳಿದೆ: “ಅಜ್ಜಿ, ನಾನು ಅವನಿಗೆ ಒಂದು ಬಿಸ್ಕಿಟ್ ದೇ ದಿಯಾ. ಅವನು ಬಹುತ್ ಅಳ್ತಿದ್ದ.” ಬಿಸ್ಕಿಟ್ ಕೊಟ್ಟದ್ದನ್ನು ಆಫೀಸಿನಲ್ಲಿದ್ದ ಅಮ್ಮನಿಗೂ ನೀನೇ ಫೋನಿನಲ್ಲಿ ಬರೆದು ಕಳಿಸಿದೆ. ಎರಡು ನಿಮಿಷಕ್ಕೆ ಅಮ್ಮನಿಂದ “ಓಕೆ, ಪರವಾಗಿಲ್ಲ” ಎಂದು ಬಂತು. ಅಷ್ಟು ಉತ್ತರ ಸಿಗಲು ನನಗೆ ಹನ್ನೊಂದರಿಂದ ಆರು ಗಂಟೆಯವರೆಗೆ ಬೇಕಾಗಿತ್ತು.

ಆ ಎರಡು ನಿಮಿಷ ನೀನು ಸೋಫಾದ ತುದಿಯಲ್ಲಿ ಕೂತು, ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಅದರ ಮೇಲಿಂದ ಕಣ್ಣು ತೆಗೆಯಲಿಲ್ಲ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಅದು ನಿನಗೆ ಎಷ್ಟು ಹೊತ್ತು ಎನಿಸಿತೆಂದು ನನಗೆ ಗೊತ್ತು, ಮಗಳೇ.